ಹಳೆಯ ಎಂಜಿಬಿ ಕಾರಿಗೆ ಓವರ್‌ಡ್ರೈವ್ ಸ್ವಿಚ್

ಈ ಸಂಚಿಕೆಗೆ ಕಥೆಯನ್ನೋ ಕವಿತೆಯನ್ನೋ ಕೊಡಿ ಎಂದು ಸಂಪಾದಕರು ಕೇಳಿದ್ದರು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಅವೆರಡೂ ಒಲಿದಿಲ್ಲ. ಹಾಗಾಗಿ ಕಳೆದ ಚಳಿಗಾಲದಲ್ಲಿ ಮಾಡಿದ ಒಂದು ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಕಾರಿನ ಗೊಡವೆಯೇ ಬೇಡ ಎನ್ನುವವರೂ ದಯವಿಟ್ಟು ಕೊನೆಯವರೆಗೆ ಓದಿ!

ಮಂಗಳೂರು ಕಡೆಯ ಸ್ನೇಹಿತರೊಬ್ಬರು ಇಲ್ಲಿ 1972ರ ಎಂಜಿಬಿ ಕಾರು ಕೊಂಡಿದ್ದಾರೆ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ, ಎರಡು ಸೀಟಿನ ತೆರೆದ ಕಾರು ಅದು. ಅದರ ಗೇರುಗಳು ನಾಲ್ಕೇ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗುತ್ತದೆ. ಫಹಾಹೀಲ್ ದಾರಿಯಲ್ಲಿ ಹೋಗುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದು.

ಇದಕ್ಕೆ ಪರಿಹಾರ ಓವರ್‌ಡ್ರೈವ್. ಇದು ಎಡ್ಗರ್ ಡಿ ನಾರ್ಮನ್‌ವಿಲ್ ಎಂಬವರ ವಿನ್ಯಾಸ, ತಯಾರಿಸಿದ್ದು ಲೇಕಾಕ್ ಕಂಪನಿ. ಗೇರ್‌ಬಾಕ್ಸಿನ ಹಿಂದೆ ಕೂರುವ ಇದರೊಳಗೆ ಸೂರ್ಯನ ಸುತ್ತ ಗ್ರಹಗಳಂತೆ ಹಲ್ಲುಚಕ್ರಗಳಿವೆ. ಸ್ವಿಚ್ ಒತ್ತಿದರೆ ಸೊಲೆನಾಯ್ಡ್ ಒಂದು ವಾಲ್ವ್ ತೆರೆಯುತ್ತದೆ, ಎಣ್ಣೆಯ ಒತ್ತಡಕ್ಕೆ ನಡುವಿನ ಚಕ್ರ ನಿಲ್ಲುತ್ತದೆ. ಆಗ ಇಂಜಿನ್ 0.82 ಸುತ್ತು ತಿರುಗಿದರೆ ಹೊರಗಿನ ಶಾಫ್ಟ್ ಒಂದು ಪೂರ್ತಿ ಸುತ್ತು ತಿರುಗುತ್ತದೆ. ಅಂದರೆ 3,500 ಸುತ್ತು 2,850ರ ಆಸುಪಾಸಿಗೆ ಇಳಿಯುತ್ತದೆ.

ಸ್ನೇಹಿತರು ಓವರ್‌ಡ್ರೈವ್ ಇರುವ ಹಳೆಯ ಗೇರ್‌ಬಾಕ್ಸ್ ತರಿಸಿ ಕೂರಿಸಿದ್ದರು. ವೈರಿಂಗ್ ಮಾತ್ರ ಇರಲಿಲ್ಲ. "ಎಂತ ಮಾರಾಯ್ರೆ, ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಸೊಲೆನಾಯ್ಡಿಗೆ ಒಂದು ವಯರ್ ಎಳೆದರೆ ಮುಗೀಲಿಲ್ವಾ?" ಎಂದರು.

ಮುಗಿಯುವುದು ಗೇರ್‌ಬಾಕ್ಸಿನ ಆಯುಸ್ಸು! ಓವರ್‌ಡ್ರೈವ್ ಹಿಡಿದಿರುವಾಗ ಕಾರು ರಿವರ್ಸ್ ಹೋದರೆ, ಒಳಗಿರುವ, ಒಂದೇ ದಿಕ್ಕಿಗೆ ತಿರುಗುವ ಕ್ಲಚ್ ಒಡೆಯುತ್ತದೆ. ಅದಕ್ಕೇ ಗೇರ್‌ಬಾಕ್ಸಿನ ಮೇಲೆ ಇನ್‌ಹಿಬಿಟರ್ ಎಂಬ ಪುಟ್ಟ ಸ್ವಿಚ್ ಇಟ್ಟಿದ್ದಾರೆ. ಮೂರನೇ ಮತ್ತು ನಾಲ್ಕನೇ ಗೇರಿನಲ್ಲಿ ಮಾತ್ರ ಅದು ಕರೆಂಟ್ ಬಿಡುತ್ತದೆ (1977ರ ಮಾದರಿಯಿಂದ ನಾಲ್ಕರಲ್ಲಿ ಮಾತ್ರ). ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದು 'ಆಂಡ್' ಷರತ್ತು: ಚಾಲಕ ಹೇಳಬೇಕು, ಗೇರೂ ಒಪ್ಪಬೇಕು.

ಸರಿಯಾದ ಜೋಡಣೆ ಹೀಗೆ: ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ತಂತಿಯಿಂದ ಒಂದು ಫ್ಯೂಸ್, ಅಲ್ಲಿಂದ ಸ್ವಿಚ್, ನಂತರ ಇನ್‌ಹಿಬಿಟರ್, ಕೊನೆಗೆ ಸೊಲೆನಾಯ್ಡ್. ಸೊಲೆನಾಯ್ಡಿನ ಇನ್ನೊಂದು ತುದಿ ಬಾಡಿಗೆ. ಬ್ರಿಟಿಷ್ ಕಾರುಗಳಲ್ಲಿ ಕಂದು ಬಣ್ಣದ ತಂತಿಗೆ ಸದಾ ಕರೆಂಟ್, ಬಿಳಿಯದಕ್ಕೆ ಕೀಲಿಯ ನಂತರ, ಓವರ್‌ಡ್ರೈವಿಗೆ ಹಳದಿ. 1967ರವರೆಗಿನ ಎಂಜಿಬಿಗಳ ಹಳೆಯ ಮಾದರಿಯ ಓವರ್‌ಡ್ರೈವಾದರೆ ರಿಲೇ ಹಾಕುವುದು ಒಳ್ಳೆಯದು, ಏಕೆಂದರೆ ಅದರ ಸೊಲೆನಾಯ್ಡ್ ಎಳೆಯುವ ಕ್ಷಣದಲ್ಲಿ 15 ಆಂಪಿಯರಿಗೂ ಮಿಕ್ಕಿ ಕೇಳುತ್ತದೆ. ಆ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸಿರುತ್ತಾರೆ ಎಂಬುದೂ ನೆನಪಿರಲಿ. ನಮ್ಮ ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಹಾಗಾಗಿ ಬಿಸಿ ತಡೆಯುವ ಹೊದಿಕೆಯ ತಂತಿಯನ್ನೇ ಬಳಸಿ, ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ.

ಎಲ್ಲ ಜೋಡಿಸಿ, ಇಂಜಿನ್ ಆರಿಸಿಯೇ ಕೀಲಿ ತಿರುಗಿಸಿದೆವು. ನಾಲ್ಕನೇ ಗೇರಿನಲ್ಲಿ ಸ್ವಿಚ್ ಒತ್ತಿದರೆ 'ಟಕ್' ಎಂಬ ಸದ್ದು! ಸ್ನೇಹಿತರು ಹೊರಡಲು ಸಿದ್ಧರಾದರು. ಆದರೆ ಬೇಡದ ಕಡೆಯೂ ಪರೀಕ್ಷಿಸುವುದು ನನ್ನ ವೃತ್ತಿಯ ಚಾಳಿ. ರಿವರ್ಸಿಗೆ ಹಾಕಿ ಒತ್ತಿದೆ. ಅಲ್ಲೂ 'ಟಕ್'! ಕಾರಿನಡಿ ಮಲಗಿ ನೋಡಿದರೆ, ಹಿಂದೆ ಯಾರೋ ಇನ್‌ಹಿಬಿಟರಿನ ಎರಡೂ ತಂತಿಗಳನ್ನು ಹೊಸೆದು ಟೇಪ್ ಸುತ್ತಿದ್ದರು. ನಾನೂ ಟೇಪ್ ಬಿಚ್ಚಿ ನೋಡದೆ ಅದಕ್ಕೇ ಜೋಡಿಸಿದ್ದೆ. ಪಾರ್ಕಿಂಗಿನಿಂದ ಹಿಂದೆ ತೆಗೆಯುವಾಗ ಸ್ವಿಚ್ ಒತ್ತಿದ್ದರೆ ಅಷ್ಟು ದೂರದಿಂದ ತರಿಸಿದ ಗೇರ್‌ಬಾಕ್ಸ್ ಅಲ್ಲೇ ಹೋಗುತ್ತಿತ್ತು.

ಬಿಚ್ಚಿ ಸರಿಪಡಿಸಿದ ಮೇಲೆ ಸದ್ದು ಮೂರು, ನಾಲ್ಕರಲ್ಲಿ ಮಾತ್ರ. ಆ ಶುಕ್ರವಾರ ಖೈರಾನ್‌ವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಅವರು ಊರಿನ ಸುದ್ದಿ ಹೇಳಿದರು, ನನಗೆ ಎಲ್ಲವೂ ಕೇಳಿಸಿತು.