ಜಗಲಿಯ ಆಂಥೂರಿಯಂ: ಒಂದು ಗಿಡ ನಾಲ್ಕಾಗುವ ಬಗೆ

ನಮ್ಮ ಕಡೆಯ ಬೆಳೆಗಾರರ ಮನೆಗಳಲ್ಲಿ ಜಗಲಿಯ ಅಂಚಿಗೆ ಒಂದೆರಡು ಕುಂಡ ಆಂಥೂರಿಯಂ ಇಲ್ಲದಿರುವುದು ಅಪರೂಪ. ಕಾಫಿಗೆ ಒಗ್ಗುವ ನೆರಳು, ತಂಪು, ತೇವದ ಗಾಳಿ ಇದಕ್ಕೂ ಒಗ್ಗುತ್ತದೆ. ಆದರೆ ವರ್ಷಗಟ್ಟಲೆ ಹೂ ಕೊಟ್ಟ ಗಿಡ ಒಂದು ಮಳೆಗಾಲದಲ್ಲಿ ಕೊಳೆತುಹೋಯಿತೆಂದು ಮರುಗುವ ಮನೆಗಳೂ ಕಡಿಮೆಯಿಲ್ಲ. ನಮ್ಮದೂ ಅಂಥದೇ ಒಂದು ಮನೆ. ಆದ್ದರಿಂದ ಈ ಬಾರಿ ಕಾಫಿ, ಅಡಿಕೆಗಳ ಮಾತನ್ನು ಬದಿಗಿಟ್ಟು ಈ ಕುಂಡದ ಗಿಡದ ವಿಚಾರವಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಆಂಥೂರಿಯಂನ ತವರು ದಕ್ಷಿಣ ಅಮೆರಿಕದ ಕೊಲಂಬಿಯಾ ಮತ್ತು ಈಕ್ವೆಡಾರ್ ದೇಶಗಳ ಮಳೆಕಾಡು. ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಟುಂಬಕ್ಕೇ ಇದೂ ಸೇರಿದೆ. ರಸ ತಾಗಿದರೆ ತುರಿಸುವುದೂ ಅದೇ ಗುಣ. ಮಕ್ಕಳು, ದನಕರುಗಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ನಾವು ಹೂವೆನ್ನುವ ಕೆಂಪು ಅಥವಾ ಬಿಳಿ ಭಾಗ ವಾಸ್ತವವಾಗಿ ಮಾರ್ಪಟ್ಟ ಎಲೆ. ನಡುವಿನ ಕಡ್ಡಿಯ ಮೇಲೆ ಒತ್ತಾಗಿರುವ ಸಣ್ಣ ಕಣಗಳೇ ನಿಜವಾದ ಹೂಗಳು.

ಬೀಜದಿಂದಲೂ ಸಸಿ ಮಾಡಬಹುದು, ಆದರೆ ಅದು ತಾಯಿಯಂತೆಯೇ ಬರುವುದಿಲ್ಲ. ರೊಬಸ್ಟಾ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಒಂದೇ ಗಿಡದ ಬೀಜದಿಂದ ಎದ್ದ ಸಸಿಗಳು ಬೇರೆ ಬೇರೆ ರೀತಿ ಇರುತ್ತವೆ. ಒಳ್ಳೆಯ ಗಿಡದ ಗುಣ ಉಳಿಯಬೇಕಾದರೆ ಅದರ ತುಂಡನ್ನೇ ಬೇರೂರಿಸಬೇಕು. ಆಂಥೂರಿಯಂಗೂ ಇದೇ ನ್ಯಾಯ. ಮೇಲಾಗಿ, ಬೀಜದ ಸಸಿ ಹೂ ಬಿಡಲು ಎರಡು ಮೂರು ವರ್ಷ ಕಾಯಬೇಕು.

ಕಂದು ಬಿಡಿಸುವ ಕ್ರಮ

ಮಳೆಯ ಅಬ್ಬರ ಇಳಿದು ಕೊಯ್ಲಿನ ಗಡಿಬಿಡಿ ಇನ್ನೂ ಹಿಡಿಯದ ಸೆಪ್ಟೆಂಬರ್ ತಿಂಗಳು ಈ ಕೆಲಸಕ್ಕೆ ಅನುಕೂಲ. ಬುಡದಲ್ಲಿ ಎದ್ದ ಕಂದಿಗೆ ಮೂರು ನಾಲ್ಕು ಎಲೆ ಮತ್ತು ಸ್ವಂತ ಬೇರು ಬಂದಿರಬೇಕು. ಬೇರಿಲ್ಲದ ಕಂದನ್ನು ಆತುರದಿಂದ ಕೀಳಬಾರದು. ಗಿಡವನ್ನು ಕುಂಡದಿಂದ ಹೊರತೆಗೆದು, ಹಳೆಯ ಮಣ್ಣನ್ನು ಕೊಡವಿ, ಕಂದು ತಾಯಿಗೆ ಅಂಟಿರುವಲ್ಲಿ ಒಂದೇ ಪೆಟ್ಟಿಗೆ ಕೊಯ್ಯಬೇಕು.

ಹಳೆಯ ಗಿಡ ಬೋಳು ಕಾಂಡವಾಗಿ ಎತ್ತರಕ್ಕೆ ಹೋಗಿ ವಾಲಿದ್ದರೆ ತುದಿಯನ್ನೇ ಕತ್ತರಿಸಬಹುದು. ಕಾಂಡದ ಮೇಲೆ ಗಾಳಿಬೇರುಗಳು ಇರುತ್ತವೆ. ಅಂಥ ಎರಡು ಮೂರು ಬೇರು ತುದಿಯ ಭಾಗಕ್ಕೆ ಬರುವಂತೆ ಕೊಯ್ದು ನೆಟ್ಟರೆ ಅದೇ ಹೊಸ ಗಿಡ. ಉಳಿದ ಬುಡವನ್ನು ಎಸೆಯಬೇಡಿ. ನೆರಳಿನಲ್ಲಿಟ್ಟು ತೇವ ಕಾಪಾಡಿದರೆ ಅದು ಮತ್ತೆ ಕಂದು ಕೊಡುತ್ತದೆ.

ಕುಂಡಕ್ಕೆ ಬರೀ ತೋಟದ ಮಣ್ಣು ಮತ್ತು ಗೊಬ್ಬರ ತುಂಬುವುದು ಸಾಮಾನ್ಯ ತಪ್ಪು. ಇದರ ಬೇರಿಗೆ ಗಾಳಿ ಬೇಕು. ಇಟ್ಟಿಗೆ ಚೂರು, ಇದ್ದಿಲು, ನಾಲ್ಕೈದು ಸಲ ನೀರು ಬದಲಿಸಿ ನೆನೆಸಿದ ತೆಂಗಿನ ಸಿಪ್ಪೆಯ ತುಂಡು, ಇವುಗಳೊಡನೆ ಚೆನ್ನಾಗಿ ಕಳಿತ ತರಗೆಲೆ ಗೊಬ್ಬರ ಸ್ವಲ್ಪ ಸೇರಿಸಿದರೆ ಸಾಕು. ಎಲೆ ಹುಟ್ಟುವ ತುದಿಯನ್ನು ಹೂಳಬಾರದು. ನೀರನ್ನು ಬುಡಕ್ಕೆ ಮಾತ್ರ ಕೊಡಬೇಕು. ನೇರ ಬಿಸಿಲು ತಾಗಿದರೆ ಎಲೆ ಸುಡುತ್ತದೆ. ಕಂದು ಚೆನ್ನಾಗಿ ಹಿಡಿದರೆ ಸುಮಾರು ಒಂದು ವರ್ಷದಲ್ಲಿ ಹೂ ನಿರೀಕ್ಷಿಸಬಹುದು.

ನಾವು ಕಲಿತ ಪಾಠ

ನಮ್ಮ ತಾಯಿಯವರು 1978ರಲ್ಲಿ ತವರಿನಿಂದ ತಂದ ಎರಡು ಗಿಡಗಳು ನಮ್ಮ ಮನೆಯಲ್ಲಿದ್ದವು, ಒಂದು ಕೆಂಪು, ಒಂದು ಬಿಳಿ. ಅವರು ತೀರಿಕೊಂಡ ಮೇಲೆ ಅವಕ್ಕೆ ಕತ್ತಿ ತಾಗಿಸಲು ಯಾರಿಗೂ ಧೈರ್ಯವಾಗಲಿಲ್ಲ. 2019ರಲ್ಲಿ ಬಣ್ಣಕ್ಕೆ ಮರುಳಾಗಿ ಪೇಟೆಯಿಂದ ಹೊಸ ಗಿಡವೊಂದನ್ನು ತಂದು ಅವುಗಳ ಪಕ್ಕದಲ್ಲೇ ಇಟ್ಟೆವು. ಅದರ ಎಲೆಯಂಚಿನಲ್ಲಿ ನೀರು ಕುಡಿದಂಥ ಕಲೆ, ಸುತ್ತ ಹಳದಿ ಬಣ್ಣ ಕಾಣಿಸಿತು. ಆ ಎಲೆಗಳನ್ನು ಕೊಯ್ದು ಹಾಕಿ, ಅದೇ ಚೂರಿಯನ್ನು ಒರೆಸದೆ ಬಿಳಿಯ ಗಿಡದ ಕಂದು ಬಿಡಿಸಿದೆವು. ಎರಡೇ ತಿಂಗಳಲ್ಲಿ ತಾಯಿಯೂ ಹೋಯಿತು, ಕಂದುಗಳೂ ಹೋದವು.

ಅದು ಬ್ಯಾಕ್ಟೀರಿಯಾದ ಅಂಗಮಾರಿಯ ಲಕ್ಷಣವೆಂದು ಆಮೇಲೆ ತಿಳಿಯಿತು. ಚೂರಿಯಿಂದ, ಎಲೆಯಿಂದ ಎಲೆಗೆ ಸಿಡಿಯುವ ನೀರಿನಿಂದ ಅದು ಹರಡುತ್ತದೆ. ಹವಾಯಿ ದ್ವೀಪಗಳಲ್ಲಿ 1980ರ ದಶಕದಲ್ಲಿ ಈ ರೋಗ ಬಂದು ಅನೇಕ ಸಣ್ಣ ಬೆಳೆಗಾರರು ಆಂಥೂರಿಯಂ ಕೃಷಿಯನ್ನೇ ಬಿಡಬೇಕಾಯಿತು. ರೋಗ ಒಳಹೊಕ್ಕ ಗಿಡಕ್ಕೆ ಮದ್ದಿಲ್ಲ. ಅದನ್ನು ಕುಂಡದ ಮಣ್ಣು ಸಮೇತ ದೂರ ಒಯ್ದು ಸುಡುವುದೇ ಲೇಸು. ಬೋರ್ಡೋ ದ್ರಾವಣ ಕೈಗೆಟುಕುತ್ತದೆಂದು ಇದಕ್ಕೂ ಹೊಡೆಯಲು ಹೋಗಬೇಡಿ. ತಾಮ್ರದ ಅಂಶ ಆಂಥೂರಿಯಂಗೆ ಆಗಿಬರುವುದಿಲ್ಲ.

ಆದ್ದರಿಂದ ಎರಡು ನಿಯಮಗಳನ್ನು ಮರೆಯಬಾರದು. ಒಂದು ಗಿಡ ಕೊಯ್ದು ಇನ್ನೊಂದಕ್ಕೆ ಹೋಗುವ ಮೊದಲು ಚೂರಿಯನ್ನು ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಬೇಕು ಇಲ್ಲವೆ ಕುದಿಯುವ ನೀರಿನಲ್ಲಿ ಅದ್ದಬೇಕು. ಹೊರಗಿನಿಂದ ಬಂದ ಗಿಡವನ್ನು, ಅದು ಎಷ್ಟೇ ಚೆಂದವಿರಲಿ, ಕೆಲವು ತಿಂಗಳು ಬೇರೆಯೇ ಇಡಬೇಕು.

ಕೆಂಪು ಗಿಡವನ್ನು ಮರುವರ್ಷ ಹೀಗೆ ಎಚ್ಚರದಿಂದ ಬಿಡಿಸಿದೆವು. ಇಂದು ನಾಲ್ಕು ಕುಂಡಗಳಿವೆ. ಬಿಳಿಯದು ಹೋಯಿತೆಂದೇ ಇದ್ದಾಗ, ಮದುವೆಯೊಂದರಲ್ಲಿ ಸಿಕ್ಕ ನಮ್ಮ ಚಿಕ್ಕಮ್ಮ, "ಅಕ್ಕ ಕೊಟ್ಟ ಬಿಳಿ ಗಿಡ ನಮ್ಮಲ್ಲಿ ಇನ್ನೂ ಹೂ ಬಿಡ್ತಾ ಇದೆ, ಬಂದು ಒಂದು ಕಂದು ತಗೊಂಡು ಹೋಗು ಮಾರಾಯ" ಎಂದರು. ತಾಯಿಯವರು ಎಂದೋ ಹಂಚಿದ್ದರಿಂದ ನಮ್ಮ ಮನೆಗೆ ಅದು ಮರಳಿತು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಜಗಲಿಯ ಹಳೆಯ ಗಿಡ ವಾಲುವವರೆಗೆ ಕಾಯಬೇಡಿ. ಈ ಸೆಪ್ಟೆಂಬರಿನಲ್ಲಿ ಕಂದು ಬಿಡಿಸಿ, ಒಂದನ್ನು ನೀವು ಇಟ್ಟುಕೊಂಡು ಇನ್ನೊಂದನ್ನು ನೆರೆಮನೆಗೆ ಕೊಡಿ.