ರಕ್ತನಾಳದ ಒಳಗೋಡೆ: ಉರಿಯೂತ ಮತ್ತು ಅರ್ಬುದರೋಗಗಳ ಸಂಬಂಧ

ಡೊಂಬಿವಲಿಯ ಪೂರ್ವಭಾಗದಲ್ಲಿ, ಎಂಐಡಿಸಿ ಪ್ರದೇಶದ ನಿವಾಸಿ ವಿಭಾಗದಲ್ಲಿ ಮನೆಮಾಡಿಕೊಂಡಿರುವ ಕನ್ನಡಿಗರಿಗೆ, ರಾತ್ರಿ ಕಿಟಕಿಯನ್ನು ತೆರೆದಿಡಬೇಕೋ ಮುಚ್ಚಬೇಕೋ ಎಂಬುದನ್ನು ಗಾಳಿಯ ವಾಸನೆಯೇ ನಿಶ್ಚಯಿಸುವ ದಿನಗಳುಂಟು. ೧೯೬೨ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಲವು ಸ್ಥಾಪಿತವಾದ ತರುವಾಯ ಇಲ್ಲಿ ಬಣ್ಣ, ರಸಾಯನ, ಔಷಧ ಮತ್ತು ಬಟ್ಟೆಗಳ ಕಾರ್ಖಾನೆಗಳು ಬೆಳೆದುವು. ಅವುಗಳ ಬೆನ್ನಿಗೇ ವಸತಿಗಳೂ ಬೆಳೆದುವು. ೨೦೦೯ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ದೇಶದ ೮೮ ಔದ್ಯೋಗಿಕ ಕ್ಷೇತ್ರಗಳನ್ನು ಪರೀಕ್ಷಿಸಿ, ಅವುಗಳಲ್ಲಿ ೪೩ನ್ನು ಅತ್ಯಂತ ಕಲುಷಿತವೆಂದು ಗುರುತಿಸಿತು; ಡೊಂಬಿವಲಿಯು ಆ ೪೩ರಲ್ಲಿ ಒಂದಾಗಿತ್ತು.

ಇಂತಹ ಊರಿನಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುವುದು ಸಹಜ. ಹೊಗೆ ಹೋಗುವುದು ಪುಪ್ಪುಸಕ್ಕೆ. ಅದರಿಂದ ಕೆಮ್ಮು ದಮ್ಮುಗಳು ಬರುವುದನ್ನು ಒಪ್ಪಬಹುದು. ಆದರೆ ಹೃದಯಕ್ಕೆ ಅದರಿಂದೇನು ಕೇಡು? ಅರ್ಬುದರೋಗಕ್ಕೂ, ಅಂದರೆ ನಾವು ಕ್ಯಾನ್ಸರ್ ಎನ್ನುವ ಬೇನೆಗೂ, ಅದಕ್ಕೂ ಏನು ಸಂಬಂಧ? ಆಸ್ಪತ್ರೆಗಳಲ್ಲಿ ಹೃದಯದ ವೈದ್ಯರು ಒಂದು ಕಡೆ, ಕ್ಯಾನ್ಸರಿನ ವೈದ್ಯರು ಇನ್ನೊಂದು ಕಡೆ ಕುಳಿತಿರುವುದರಿಂದ ಈ ಎರಡು ರೋಗಗಳೂ ಬೇರೆಬೇರೆ ಲೋಕಗಳಿಗೆ ಸೇರಿದುವೆಂದು ನಾವು ಭಾವಿಸುತ್ತೇವೆ. ಶರೀರವು ಮಾತ್ರ ಈ ವಿಭಾಗವನ್ನು ಅರಿಯದು. ಎರಡೂ ಸಂಧಿಸುವ ಒಂದು ಸ್ಥಾನ ನಮ್ಮೊಳಗಿದೆ. ಅದೇ ರಕ್ತನಾಳದ ಒಳಗೋಡೆ. ಅದರ ಪರಿಚಯವೇ ಪ್ರಕೃತ ಲೇಖನದ ಉದ್ದೇಶ.

೧

ರಕ್ತವು ಹೃದಯದಿಂದ ಹೊರಟು ಮರಳಿ ಹೃದಯಕ್ಕೇ ಬರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆಯು ೧೬೨೮ರಲ್ಲಿ ಸಿದ್ಧಪಡಿಸಿದನು. ಆದರೆ ಧಮನಿಗಳ ರಕ್ತವು ಶಿರೆಗಳಿಗೆ ಹಾಯುವ ದಾರಿ ಯಾವುದೆಂಬುದು ಅವನ ಕಣ್ಣಿಗೆ ಬೀಳಲಿಲ್ಲ. ಇಟಲಿಯ ಮಾಲ್ಪೀಘಿಯು ೧೬೬೧ರಲ್ಲಿ ಕಪ್ಪೆಯ ಪುಪ್ಪುಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೂದಲಿಗಿಂತಲೂ ಎಷ್ಟೋ ಪಾಲು ಸಣ್ಣದಾದ ಲೋಮನಾಳಗಳನ್ನು ಕಂಡನು. ಅಂದಿನಿಂದ ಬಹುಕಾಲ ರಕ್ತನಾಳವೆಂದರೆ ನೀರಿನ ನಳದಂತೆ ಜಡವಾದ ಒಂದು ಕೊಳವೆಯೆಂದೇ ಜನ ತಿಳಿದಿದ್ದರು.

ಈ ಹೋಲಿಕೆ ಸರಿಯಲ್ಲ. ನಮ್ಮ ಕರಾವಳಿಯ ಅಡಕೆ ತೋಟದ ಕಣಿಯು ಇದಕ್ಕಿಂತ ಒಳ್ಳೆಯ ಉಪಮಾನ. ಕಣಿಯ ದಂಡೆ ಜೀವಂತವಾದ ಮಣ್ಣು. ನೀರನ್ನು ಅದು ಎಲ್ಲಿ ಹೀರಬೇಕೋ ಅಲ್ಲಿ ಹೀರುತ್ತದೆ, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುತ್ತದೆ. ಹಾಗೆಯೇ ಪ್ರತಿಯೊಂದು ರಕ್ತನಾಳದ ಒಳಮೈಗೂ ಒಂದೇ ಪದರದ ಜೀವಕೋಶಗಳ ಹಾಸು ಇರುತ್ತದೆ. ಇದನ್ನು ಅಂತಃಸ್ತರವೆಂದು ಕರೆಯೋಣ. ೧೯೮೦ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿಯು ಮೊಲದ ಮಹಾಧಮನಿಯ ತುಂಡುಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದನು. ಅಂತಃಸ್ತರವು ಕೆಡದೆ ಉಳಿದಿದ್ದ ತುಂಡು ಔಷಧ ತಗುಲಿದಾಗ ಸಡಿಲಿತು. ಆ ಪದರವನ್ನು ಉಜ್ಜಿ ತೆಗೆದ ತುಂಡು ಸಡಿಲಲಿಲ್ಲ. ಅಂದರೆ, ನಾಳಕ್ಕೆ ಸಡಿಲೆಂದು ಆಜ್ಞೆ ಕೊಡುವುದು ಈ ತೆಳುಪದರವೇ. ಆ ಆಜ್ಞೆಯನ್ನು ಒಯ್ಯುವ ದೂತ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂಬುದು ತರುವಾಯ ತಿಳಿದುಬಂದಿತು. ಈ ಸಂಶೋಧನೆಗಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಎಂಬ ಮೂವರಿಗೆ ೧೯೯೮ರ ನೊಬೆಲ್ ಪಾರಿತೋಷಕವು ದೊರೆಯಿತು.

ನಾಳವನ್ನು ಹಿಗ್ಗಿಸುವುದು, ರಕ್ತವು ಒಳಗೇ ಹೆಪ್ಪುಗಟ್ಟದಂತೆ ಕಾಯುವುದು, ಬಿಳಿಯ ರಕ್ತಕಣಗಳನ್ನು ಬೇಕಾದಲ್ಲಿ ಹೊರಕ್ಕೆ ಬಿಡುವುದು, ಹೊಸ ನಾಳಗಳನ್ನು ಚಿಗುರಿಸುವುದು, ಈ ನಾಲ್ಕೂ ಅಂತಃಸ್ತರದ ಕಾರ್ಯಗಳು. ಇವು ಹದದಲ್ಲಿರುವುದೇ ನಾಳದ ಆರೋಗ್ಯ.

೨

ಇನ್ನು ಉರಿಯೂತವೆಂದರೇನು? ಕೈಗೆ ಮುಳ್ಳು ಚುಚ್ಚಿದರೆ ಆ ಸ್ಥಳ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾಯುತ್ತದೆ, ನೋಯುತ್ತದೆ. ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಎರಡು ಸಾವಿರ ವರ್ಷಗಳ ಹಿಂದೆಯೇ ಈ ನಾಲ್ಕು ಲಕ್ಷಣಗಳನ್ನು ಬರೆದಿಟ್ಟಿದ್ದಾನೆ. ಇವುಗಳಲ್ಲಿ ಮೊದಲ ಮೂರು ರಕ್ತನಾಳದ ವ್ಯಾಪಾರವೇ ಎಂಬುದನ್ನು ವಾಚಕರು ಗಮನಿಸಬೇಕು. ನಾಳ ಹಿಗ್ಗಿದುದರಿಂದ ಕೆಂಪು ಮತ್ತು ಬಿಸಿ. ಅದರ ಗೋಡೆ ಸಂದುಬಿಟ್ಟು ದ್ರವವನ್ನು ಹೊರಬಿಟ್ಟುದರಿಂದ ಬಾವು. ಮುಳ್ಳು ಹೊರಬಿದ್ದ ಮೇಲೆ ಈ ಸಂಭ್ರಮ ಅಡಗಿದರೆ ಅದು ಉಪಕಾರಿ. ಅಡಗದೆ ವರ್ಷಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಉಳಿದರೆ ಅದೇ ಅಪಕಾರಿ.

ತಂಬಾಕು, ಅಧಿಕ ರಕ್ತದೊತ್ತಡ, ಸಿಹಿಮೂತ್ರ, ಕೊಲೆಸ್ಟರಾಲ್ ಇವು ಧಮನಿಯ ಅಂತಃಸ್ತರಕ್ಕೆ ದಿನದಿನವೂ ಮುಳ್ಳಿನಂತೆ ಚುಚ್ಚುತ್ತವೆ. ಕೆಟ್ಟ ಪದರದೊಳಕ್ಕೆ ಕೊಬ್ಬು ನುಸುಳುತ್ತದೆ, ಅದನ್ನು ನುಂಗಲು ಬಿಳಿಯ ಕಣಗಳು ಬಂದು ಅಲ್ಲಿಯೇ ಸಿಕ್ಕಿಬೀಳುತ್ತವೆ, ಗಂಟು ಬೆಳೆಯುತ್ತದೆ. ಒಂದು ದಿನ ಗಂಟಿನ ಮೇಲ್ಪೊರೆ ಬಿರಿದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. ಧಮನಿಕಾಠಿಣ್ಯವು ಕೇವಲ ಕೊಬ್ಬು ಕೂಡುವಿಕೆಯಲ್ಲ, ಅದೊಂದು ಉರಿಯೂತರೋಗ ಎಂದು ರಸೆಲ್ ರಾಸ್ ಎಂಬ ವಿದ್ವಾಂಸನು ೧೯೯೯ರಲ್ಲಿ ಸಮಗ್ರವಾಗಿ ನಿರೂಪಿಸಿದನು.

೩

ಅರ್ಬುದದ ವಿಚಾರವೂ ಇದೇ ದಾರಿಗೆ ಬರುತ್ತದೆ. ಜರ್ಮನಿಯ ರುಡಾಲ್ಫ್ ವಿರ್ಕೋ ೧೮೬೩ರಲ್ಲಿಯೇ ಗಂತಿಗಳೊಳಗೆ ಬಿಳಿಯ ರಕ್ತಕಣಗಳನ್ನು ಕಂಡು, ಬಹುದಿನದ ಉರಿಯೂತವಿದ್ದಲ್ಲಿ ಅರ್ಬುದ ಹುಟ್ಟಬಹುದೆಂದು ಊಹಿಸಿದನು. ಆ ಊಹೆ ಹಲವು ಅಂಗಗಳಲ್ಲಿ ನಿಜವಾಯಿತು. ಹೆಪಟೈಟಿಸ್ ಬಿ ವಿಷಾಣುವು ಯಕೃತ್ತಿನಲ್ಲಿಯೂ, ಹೆಲಿಕೊಬ್ಯಾಕ್ಟರ್ ಎಂಬ ಸೂಕ್ಷ್ಮಾಣುವು ಜಠರದಲ್ಲಿಯೂ ವರ್ಷಾನುಗಟ್ಟಲೆ ಉರಿಯೂತವನ್ನು ನಿಲ್ಲಿಸಿ, ಕೊನೆಗೆ ಕೆಲವರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತವೆ.

ಆದರೆ ಗಂತಿ ಹುಟ್ಟಿದ ಮಾತ್ರಕ್ಕೆ ಬೆಳೆಯಲಾರದು. ಅದಕ್ಕೆ ಆಹಾರ ಬೇಕು, ಪ್ರಾಣವಾಯು ಬೇಕು. ಹೊಸ ರಕ್ತನಾಳಗಳ ನೆರವಿಲ್ಲದೆ ಗಂತಿಯು ಒಂದೆರಡು ಮಿಲಿಮೀಟರಿಗಿಂತ ಹೆಚ್ಚಾಗಿ ಬೆಳೆಯಲಾರದೆಂದು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ೧೯೭೧ರಲ್ಲಿ ಪ್ರತಿಪಾದಿಸಿದನು. ಅನೇಕರು ಅದನ್ನು ಮೊದಲು ನಂಬಲಿಲ್ಲ. ಮುಂದೆ, ನಾಳಗಳನ್ನು ಚಿಗುರಿಸುವ ವಿ.ಇ.ಜಿ.ಎಫ್. ಎಂಬ ದ್ರವ್ಯವು ಬೇರ್ಪಡಿಸಲ್ಪಟ್ಟ ಮೇಲೆ ಸಂಶಯ ನೀಗಿತು. ಗಾಯ ಮಾಯುವಾಗ ಶರೀರವು ಇದೇ ದ್ರವ್ಯದಿಂದ ಹೊಸ ನಾಳಗಳನ್ನು ತರಿಸಿಕೊಳ್ಳುತ್ತದೆ. ಗಂತಿಯು ಆ ವಿದ್ಯೆಯನ್ನೇ ಕದ್ದು, ಮೇಲಿನ ತೋಟದ ಕಣಿಯಿಂದ ಕಳ್ಳಗಾಲುವೆ ತೋಡಿದಂತೆ, ತನ್ನೆಡೆಗೆ ರಕ್ತವನ್ನು ತಿರುಗಿಸಿಕೊಳ್ಳುತ್ತದೆ. ಅರ್ಬುದವು ಮಾಯದ ಗಾಯವೆಂದು ಹೆರಾಲ್ಡ್ ಡ್ವೊರಾಕ್ ೧೯೮೬ರಲ್ಲಿ ಬಣ್ಣಿಸಿದುದು ಈ ಕಾರಣದಿಂದಲೇ. ಈ ಕಾಲುವೆಯನ್ನು ಕಟ್ಟುವ ಬೆವಾಸಿಜುಮ್ಯಾಬ್ ಎಂಬ ಔಷಧವು ೨೦೦೪ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಅದು ಸರ್ವರೋಗಹರವಾಗಲಿಲ್ಲ. ಕೆಲವರಲ್ಲಿ ರಕ್ತದೊತ್ತಡ ಏರಿತು, ರಕ್ತಸ್ರಾವವಾಯಿತು. ಗಂತಿಯ ನಾಳವನ್ನು ನೋಯಿಸುವ ಮದ್ದು ಶರೀರದ ಉಳಿದ ನಾಳಗಳನ್ನೂ ಮುಟ್ಟದೆ ಬಿಡದು.

ಸಂಬಂಧವು ತಿರುಗಿ ಇನ್ನೊಂದು ದಿಕ್ಕಿನಿಂದಲೂ ಇದೆ. ಪ್ಯಾರಿಸಿನ ಆರ್ಮಾನ್ ಟ್ರೂಸೋ ಎಂಬ ವೈದ್ಯನು, ಕಾರಣವಿಲ್ಲದೆ ಶಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಒಳಗೆ ಅಡಗಿದ ಕ್ಯಾನ್ಸರಿನ ಸೂಚನೆಯಾಗಿರಬಹುದೆಂದು ೧೮೬೫ರಲ್ಲಿ ಶಿಷ್ಯರಿಗೆ ಬೋಧಿಸಿದನು. ಎರಡು ವರ್ಷಗಳ ಮೇಲೆ ಅದೇ ಲಕ್ಷಣವನ್ನು ತನ್ನ ಶರೀರದಲ್ಲಿಯೇ ಕಂಡು ತನ್ನ ಗತಿಯನ್ನು ಅರಿತನು. ಅದೇ ೧೮೬೭ರಲ್ಲಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡನು.

೪

ಈಗ ನಮ್ಮ ಊರಿನ ಗಾಳಿಗೆ ಬರೋಣ. ಎರಡೂವರೆ ಮೈಕ್ರೊಮೀಟರಿಗಿಂತ ಸಣ್ಣದಾದ ಧೂಳಿಕಣಗಳು ಪುಪ್ಪುಸದ ಕೊನೆಯ ಗಾಳಿಗೂಡುಗಳ ವರೆಗೂ ಇಳಿಯುತ್ತವೆ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಅತಿ ತೆಳುವಾದ ಪೊರೆ. ಅಲ್ಲೆದ್ದ ಉರಿಯೂತದ ದ್ರವ್ಯಗಳು ರಕ್ತದಲ್ಲಿ ಬೆರೆತು ಎಲ್ಲ ಧಮನಿಗಳನ್ನೂ ಮುಟ್ಟುತ್ತವೆ. ಹೊಗೆ ಹೃದಯವನ್ನು ತಲಪುವ ದಾರಿ ಇದೇ. ಹೊರಗಿನ ಕಲುಷಿತ ವಾಯುವು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೨೦೧೩ರಲ್ಲಿ ನಿರ್ಣಯಿಸಿತು. ಈ ಕಣಗಳ ವಾರ್ಷಿಕ ಸರಾಸರಿಯು ಘನಮೀಟರಿಗೆ ೫ ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೨೧ರ ಸಲಹೆ. ನಮ್ಮ ದೇಶವು ೨೦೦೯ರಲ್ಲಿ ವಿಧಿಸಿದ ಮಿತಿ ೪೦.

ಎರಡು ರೋಗಗಳನ್ನೂ ಒಂದೇ ದಾರದಲ್ಲಿ ಪೋಣಿಸಿದ ಪರೀಕ್ಷೆಗಳು ಇತ್ತೀಚಿನವು. ೨೦೧೭ರಲ್ಲಿ, ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಮಿಕ್ಕ ರೋಗಿಗಳಲ್ಲಿ ಇಂಟರ್‌ಲ್ಯೂಕಿನ್-೧ ಬೀಟಾ ಎಂಬ ಉರಿಯೂತ ದ್ರವ್ಯವನ್ನು ತಡೆಯುವ ಔಷಧದ ಪರೀಕ್ಷೆ ಪ್ರಕಟವಾಯಿತು. ಕೊಲೆಸ್ಟರಾಲ್ ಇಳಿಯದಿದ್ದರೂ ಹೃದಯಾಘಾತ ಮೊದಲಾದ ಅನಾಹುತಗಳು ಸುಮಾರು ಶೇಕಡಾ ೧೫ರಷ್ಟು ಕಡಮೆಯಾದುವು. ಅನಿರೀಕ್ಷಿತವಾಗಿ ಪುಪ್ಪುಸದ ಕ್ಯಾನ್ಸರ್ ಕೂಡ ಕಡಮೆ ಕಂಡಿತು. ಆದರೆ ಸೋಂಕುಗಳಿಂದಾದ ಸಾವುಗಳು ಹೆಚ್ಚಿದುವು. ಒಟ್ಟು ಮರಣಸಂಖ್ಯೆ ತಗ್ಗಲಿಲ್ಲ. ಮುಂದೆ, ಕ್ಯಾನ್ಸರ್ ಬೆಳೆದವರಿಗೆ ಚಿಕಿತ್ಸೆಯಾಗಿ ಅದೇ ಔಷಧವನ್ನು ಕೊಟ್ಟ ಪರೀಕ್ಷೆಗಳು ಫಲಿಸಲಿಲ್ಲ. ಉರಿಯೂತವು ಶತ್ರುವಷ್ಟೇ ಅಲ್ಲ, ಕಾವಲುಗಾರನೂ ಹೌದೆಂಬುದಕ್ಕೆ ಇದು ನಿದರ್ಶನ. ೨೦೨೩ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮತ್ತೊಂದು ಸಂಗತಿಯನ್ನು ಹೊರಗೆಡಹಿದರು. ವಯಸ್ಸಾದಂತೆ ಆರೋಗ್ಯವಂತರ ಪುಪ್ಪುಸದಲ್ಲಿಯೂ ಕೆಲವು ಜೀವಕೋಶಗಳು ವಿಕಾರಗೊಂಡು ಸುಮ್ಮನೆ ಮಲಗಿರುತ್ತವೆ. ಧೂಳಿಕಣಗಳು ಬಂದಾಗ ಭಕ್ಷಕ ಕಣಗಳು ಅದೇ ಇಂಟರ್‌ಲ್ಯೂಕಿನ್-೧ ಬೀಟಾವನ್ನು ಸುರಿಸಿ ಆ ಮಲಗಿದ ಕೋಶಗಳನ್ನು ಎಬ್ಬಿಸುತ್ತವೆ. ಇಲಿಗಳಲ್ಲಿ ಆ ದ್ರವ್ಯವನ್ನು ತಡೆದಾಗ ಗಂತಿಗಳು ಕಡಮೆಯಾದುವು.

ಕಾರ್ಖಾನೆಯ ಒಳಗೆ ದುಡಿಯುವವರ ಪಾಡು ಬೇರೆ. ೧೮೯೫ರಲ್ಲಿ ಜರ್ಮನಿಯ ಲುಡ್ವಿಗ್ ರೆನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಂತಿಗಳನ್ನು ಕಂಡನು. ೧೯೭೪ರಲ್ಲಿ ಅಮೆರಿಕದ ಲೂಯಿವಿಲ್ ನಗರದ ಪ್ಲಾಸ್ಟಿಕ್ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಯಕೃತ್ತಿನ ರಕ್ತನಾಳಗಳ ಅಂತಃಸ್ತರದಲ್ಲಿಯೇ ಹುಟ್ಟುವ ಅಪೂರ್ವ ಕ್ಯಾನ್ಸರ್ ಪತ್ತೆಯಾಯಿತು. ಕಾರಣ ವಿನೈಲ್ ಕ್ಲೋರೈಡ್ ಅನಿಲ. ಈ ಎರಡು ಸಂದರ್ಭಗಳಲ್ಲಿಯೂ ರೋಗದ ಮೂಲವನ್ನು ತೋರಿಸಿಕೊಟ್ಟದ್ದು, ರೋಗಿಯ ಉದ್ಯೋಗವೇನೆಂಬುದನ್ನು ವೈದ್ಯನು ಗಮನಿಸಿದುದು. ರೋಗಿಗೆ ಈ ಪ್ರಶ್ನೆಯನ್ನು ಹಾಕಲೇಬೇಕೆಂದು ಇಟಲಿಯ ರಾಮಜ್ಜೀನಿಯು ೧೭೦೦ರಲ್ಲಿಯೇ ವಿಧಿಸಿದ್ದನು. ವೈದ್ಯರು ಕೇಳದಿದ್ದರೆ ನಾವಾಗಿಯೇ ಹೇಳಬೇಕು: ಯಾವ ಖಾತೆಯಲ್ಲಿ ಕೆಲಸ, ಯಾವ ರಸಾಯನದ ಸಂಪರ್ಕ, ಎಷ್ಟು ವರ್ಷ.

೫

ಇಷ್ಟರಿಂದ ಒಂದು ಮನೆಯಲ್ಲಿ ಬಂದ ಕ್ಯಾನ್ಸರಿಗೆ ಎದುರಿನ ಚಿಮಣಿಯೇ ಕಾರಣವೆಂದು ತೀರ್ಮಾನಿಸಲಾಗದು. ವಾಸನೆಯು ವಿಷದ ಅಳತೆಗೋಲಲ್ಲ. ಸೂಕ್ಷ್ಮಕಣಗಳಿಗೆ ವಾಸನೆಯೇ ಇರದಿರಬಹುದು. ಆದುದರಿಂದಲೇ ಯಂತ್ರಗಳಿಂದ ಅಳೆದ ಲೆಕ್ಕವನ್ನು ಕೇಳುವ ಹಕ್ಕು ನಾಗರಿಕರಿಗೆ ಮುಖ್ಯ. ೨೦೧೬ರ ಮೇ ೨೬ರಂದೂ, ೨೦೨೪ರ ಮೇ ೨೩ರಂದೂ ಇಲ್ಲಿ ನಡೆದ ಸ್ಫೋಟಗಳನ್ನು ಊರೆಲ್ಲ ಕೇಳಿತು. ನಾಳದ ಗೋಡೆಯಲ್ಲಿ ನಡೆಯುವ ಹಾನಿಗೆ ಸದ್ದಿಲ್ಲ.

ನಮ್ಮ ಕೈಯಲ್ಲಿರುವ ಉಪಾಯಗಳು ಸರಳವಾದುವು. ತಂಬಾಕನ್ನು ಯಾವ ರೂಪದಲ್ಲಿಯೂ ಬಿಡುವುದು ಎರಡು ರೋಗಗಳಿಗೂ ಏಕಕಾಲದ ತಡೆ. ರಕ್ತದೊತ್ತಡ, ಸಕ್ಕರೆಗಳನ್ನು ಕ್ರಮವಾಗಿ ನೋಡಿಸಿಕೊಂಡು ಹತೋಟಿಯಲ್ಲಿಡಬೇಕು. ನಿತ್ಯದ ನಡಿಗೆಯಿಂದ ಅಂತಃಸ್ತರಕ್ಕೆ ಬಲ ಬರುತ್ತದೆ. ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು. ಒಂದೇ ಕಾಲು ಬಾತು ನೋಯತೊಡಗಿದರೆ, ಹೋಟಲಿನಲ್ಲಿ ದಿನವಿಡೀ ನಿಂತ ದಣಿವೆಂದು ಎಣ್ಣೆ ತಿಕ್ಕಿಕೊಂಡು ಸುಮ್ಮನಿರಬಾರದು. ಅದರೊಡನೆ ಉಸಿರು ಕಟ್ಟಿದರೆ, ವಿಶೇಷವಾಗಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗಬೇಕು. ಕಾಲಿನ ಹೆಪ್ಪು ಕಳಚಿ ಪುಪ್ಪುಸಕ್ಕೆ ಏರಿದರೆ ಪ್ರಾಣಕ್ಕೆ ಅಪಾಯ. ಸಕಾಲದಲ್ಲಿ ತಿಳಿದರೆ ಅದಕ್ಕೆ ಔಷಧವಿದೆ.

ಊರು ಬಿಟ್ಟು ಬಂದು ಇಲ್ಲಿ ದುಡಿದು ಬಾಳು ಕಟ್ಟಿಕೊಂಡ ನಮ್ಮ ಜನರಿಗೆ ಈ ಊರೇ ಈಗ ಸ್ವಂತ ಊರು. ಅದರ ಗಾಳಿಯನ್ನು ಕಾಯುವುದೂ ತಮ್ಮ ನಾಳಗಳನ್ನು ಕಾಯುವುದೂ ಬೇರೆಬೇರೆ ಕೆಲಸಗಳಲ್ಲವೆಂಬುದನ್ನು ಅವರು ಮನಗಂಡರೆ ಈ ಬರಹವು ಸಾರ್ಥಕ.