ಮಲ್ಲಯ್ಯನ ಹಾದಿಯಲ್ಲಿ ಕನ್ನಡ ಪಾದಯಾತ್ರಿಗಳು

ವಿಶಾಖಪಟ್ಟಣದ ಕನ್ನಡಿಗರಿಗೆ ಸಿಂಹಾಚಲದ ಗಿರಿ ಪ್ರದಕ್ಷಿಣೆ ಹೊಸದಲ್ಲ. ಆಷಾಢ ಹುಣ್ಣಿಮೆಯ ಹೊತ್ತಿಗೆ ಬೆಟ್ಟವನ್ನು ಬಳಸಿ 32 ಕಿ.ಮೀ. ನಡೆದವರು ಮರುದಿನ ಕಾಲು ನೀವಿಕೊಳ್ಳುತ್ತ ಕಚೇರಿಗೆ ಹೋಗುವುದುಂಟು. ಇದೇ ರಾಜ್ಯದ ಇನ್ನೊಂದು ಬೆಟ್ಟಕ್ಕೆ, ಶ್ರೀಶೈಲಕ್ಕೆ, ಯುಗಾದಿಯ ಮುಂಚೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು ಹತ್ತು-ಹದಿನೈದು ದಿನ ನಡೆದೇ ಬರುತ್ತಾರೆ.

ಹೆಗಲ ಮೇಲೆ ಕಂಬಿ, ಬಾಯಲ್ಲಿ ಮಲ್ಲಯ್ಯನ ಹೆಸರು, ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಇದೆ. ಭ್ರಮರಾಂಬೆ ಇವರ ಪಾಲಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಅರಿಶಿನ-ಕುಂಕುಮ ಒಯ್ಯುವುದು ತವರಿನವರ ಕರ್ತವ್ಯವಲ್ಲವೇ? 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಹೊರಟು ಸೇರಿದ್ದೂ ಈ ಬೆಟ್ಟವನ್ನೇ.

ಆತ್ಮಕೂರು ಬಳಿಯ ವೆಂಕಟಾಪುರದಿಂದ ನಲ್ಲಮಲ ಕಾಡಿನ ದಾರಿ. ನಾಗಲೂಟಿ, ಪೆಚ್ಚೆರುವು ದಾಟಿದ ಮೇಲೆ ಭೀಮುನಿಕೊಲನು ಎಂಬ ಆಳವಾದ ಕಣಿವೆ ಸಿಗುತ್ತದೆ. ಕಲ್ಲಿನ ಮೆಟ್ಟಿಲಿಳಿದು, ಮತ್ತೆ ಕಡಿದಾದ ಮೆಟ್ಟಿಲೇರಿದರೆ ಕೈಲಾಸ ದ್ವಾರ. ಅಷ್ಟು ದಿನ ಬಯಲುಸೀಮೆಯ ರಸ್ತೆಯಲ್ಲಿ ನಡೆದ ಕಾಲಿಗೆ ನಿಜವಾದ ಪರೀಕ್ಷೆ ಇಲ್ಲಿಯೇ. ಬೊಬ್ಬೆ ಎದ್ದ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಹತ್ತುವವರೂ ಇರುತ್ತಾರೆ. ಬಿರುಬೇಸಿಗೆ ಬೇರೆ, ದಾರಿಯ ದಾಸೋಹಗಳಲ್ಲಿ ಸಿಗುವ ನೀರು, ಮಜ್ಜಿಗೆಯೇ ಆಧಾರ. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಅರಣ್ಯ ಇಲಾಖೆ ಶಿವರಾತ್ರಿ, ಯುಗಾದಿಯ ಕೆಲವು ದಿನ ಮಾತ್ರ ಯಾತ್ರಿಗಳನ್ನು ಈ ದಾರಿಯಲ್ಲಿ ಬಿಡುತ್ತದೆ.

ಕಾಡು ದಾಟಿ ಕ್ಷೇತ್ರ ಸೇರಿದ ಮೇಲೂ ಕಷ್ಟ ತಪ್ಪದು. 2022ರ ಮಾರ್ಚ್ 30ರ ರಾತ್ರಿ ಶ್ರೀಶೈಲದ ಚಹಾ ಅಂಗಡಿಯೊಂದರ ಬಳಿ ಎದ್ದ ಜಗಳದಲ್ಲಿ ಕರ್ನಾಟಕದ ಯುವಕನೊಬ್ಬ ತೀವ್ರವಾಗಿ ಗಾಯಗೊಂಡ. ಸಿಟ್ಟಿಗೆದ್ದ ಯಾತ್ರಿಗಳು ಅಂಗಡಿ, ವಾಹನಗಳನ್ನು ಜಖಂಗೊಳಿಸಿದರು. ಹೊಡೆದದ್ದೂ ತಪ್ಪು, ಒಡೆದದ್ದೂ ತಪ್ಪು. ಎರಡೂ ಭಾಷೆ ಬಲ್ಲ ಹಿರಿಯರೊಬ್ಬರು ನಡುವೆ ನಿಂತಿದ್ದರೆ ಮಾತು ಮಾತಿನಲ್ಲೇ ಮುಗಿಯುತ್ತಿತ್ತೇನೋ.

ಅಂಥ ಹಿರಿಯರು ವಿಜಯವಾಡ, ವಿಶಾಖಪಟ್ಟಣದ ಕನ್ನಡ ಬಳಗಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯುಗಾದಿಗೆ ಮುಂಚೆ ಮೂರ್ನಾಲ್ಕು ದಿನ ಬಿಡುವು ಮಾಡಿಕೊಂಡು, ಆಸ್ಪತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ದುಭಾಷಿಯಾಗಿ ನಿಂತರೆ ಊರಿನ ಜನಕ್ಕೆ ದೊಡ್ಡ ಉಪಕಾರ. ಖರ್ಚೂ ಹೆಚ್ಚಿಲ್ಲ. ವಿಶಾಖಪಟ್ಟಣದವರು ರೈಲಿನಲ್ಲಿ ವಿಜಯವಾಡಕ್ಕೆ ಬಂದು, ಅಲ್ಲಿಂದ ದೋರ್ನಾಲದ ಮೂಲಕ ಬಸ್ಸಿನಲ್ಲಿ ಹೋಗಬಹುದು. ರಾತ್ರಿ ಹೊತ್ತು ಕಾಡಿನ ಗೇಟು ಮುಚ್ಚುವ ಪದ್ಧತಿ ಇರುವುದರಿಂದ ಕತ್ತಲಾಗುವ ಮೊದಲೇ ದೋರ್ನಾಲ ದಾಟುವುದು ಒಳ್ಳೆಯದು.